ಕಲ್ಲೆತ್ತದ ಕೈಗಳ ಬಲ

2025ರಲ್ಲಿ ಬೈರಮಂಗಲದ ರೈತರು ಧರಣಿಗೆ ಕುಳಿತಾಗ ವಿದ್ಯಾವಂತರ ಮನೆಗಳ ಜಗಲಿಗಳಲ್ಲಿ ಎರಡು ಬಗೆಯ ಮಾತುಗಳು ಹುಟ್ಟಿಕೊಂಡುವು. ‘ಸುಮ್ಮನೆ ಚಪ್ಪರದ ಕೆಳಗೆ ಕುಳಿತರೆ ಸರ್ಕಾರ ಕಣ್ಣೆತ್ತಿ ನೋಡೀತೆ? ನಾಲ್ಕು ಬಸ್ಸುಗಳ ಗಾಜು ಒಡೆದರೆ ತಾನೇ ಎಚ್ಚರವಾದೀತು’ ಎಂಬುದು ಒಂದು. ‘ಆಗುವುದು ಆಗಿಯೇ ತೀರುವುದು; ಈ ಕಾಲಹರಣವೇಕೆ?’ ಎಂಬುದು ಇನ್ನೊಂದು. ಮೊದಲನೆಯದು ಪೌರುಷದ ಮಾತಿನಂತೆಯೂ ಎರಡನೆಯದು ವಿವೇಕದ ಮಾತಿನಂತೆಯೂ ತೋರಬಹುದು. ವಿಚಾರಿಸಿ ನೋಡಿದರೆ ಎರಡೂ ಒಂದೇ ಅವಿಶ್ವಾಸದಿಂದ ಹುಟ್ಟಿದುವು: ಸಾಮಾನ್ಯನ ಕೈಯಲ್ಲಿ ಬಲವಿಲ್ಲವೆಂಬ ಅವಿಶ್ವಾಸ. ಇದು ಎಷ್ಟು ತಪ್ಪೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯೇ ಸಾಕ್ಷಿ.

ಮೊದಲು ಪ್ರಕೃತ ವಿಷಯವೇನೆಂಬುದು ಸ್ಪಷ್ಟವಾಗಬೇಕು. ಬಿಡದಿಯ ಬಳಿ ಹೊಸ ಉಪನಗರವನ್ನು ಕಟ್ಟುವುದಕ್ಕಾಗಿ ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಒಂಬತ್ತು ಗ್ರಾಮಗಳ 7,000 ಎಕರೆಗೂ ಮೀರಿದ ನೆಲವನ್ನು ಸ್ವಾಧೀನಪಡಿಸಿಕೊಳ್ಳುವೆವೆಂದು 2025ರ ಮಾರ್ಚಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. ರಾಗಿ, ತೆಂಗು, ಹಿಪ್ಪುನೇರಳೆ, ಹಸುವಿನ ಹುಲ್ಲು ಇವುಗಳಿಂದ ಬದುಕುವ ನೆಲವಿದು. ಇದೇ ಜನ ಈ ಮೊದಲೇ ಇನ್ನೊಂದು ಭಾರವನ್ನು ಹೊತ್ತಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿಯು ನಗರದ ಕೊಚ್ಚೆಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ತಂದು ಬೈರಮಂಗಲದ ಕೆರೆಗೆ ಸುರಿಯುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೇಸಾಯಕ್ಕೆಂದು ಕಟ್ಟಿದ ಕೆರೆಯ ನೀರಿನ ಮೇಲೆ ನೊರೆ ತೇಲುವ ದುರ್ದೆಶೆ ಒದಗಿತು. ನಗರದ ಕೊಳೆಯನ್ನು ನುಂಗಿದವರ ಮುಂದೆ ಈಗ ನಗರಕ್ಕೆ ನೆಲವನ್ನೂ ಕೊಡಿರೆಂಬ ಬೇಡಿಕೆ ಬಂದಿದೆ. ಸೂಕ್ತ ಪರಿಹಾರ ದೊರೆತರೆ ನೆಲ ಬಿಡಲು ಒಪ್ಪುವವರೂ ಹಳ್ಳಿಗಳಲ್ಲಿ ಉಂಟು. ಅವರ ಮಾತಿಗೂ ಬೆಲೆಯುಂಟು. ಆದರೆ ಒಪ್ಪದವನಿಗೆ ‘ಒಲ್ಲೆ’ ಎನ್ನುವ ಹಕ್ಕಿಲ್ಲವೆಂದು ಯಾರೂ ಹೇಳಲಾರರು. ಆ ‘ಒಲ್ಲೆ’ಯನ್ನು ಹೇಳುವ ಬಗೆ ಯಾವುದು ಎಂಬುದೇ ಪ್ರಶ್ನೆ.

ಕಲ್ಲೆತ್ತಿದವನು ತನ್ನ ವಾದವನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಒಡೆದ ಗಾಜಿನ ಮುಂದೆ ನಿಂತವರು ನೆಲದ ವಿಷಯವನ್ನು ಮರೆತು ಗಾಜಿನ ವಿಷಯವನ್ನೇ ಆಡುತ್ತಾರೆ. ಲಾಠಿಗೆ ಕಾರಣ ಸಿಕ್ಕುತ್ತದೆ. ಮೊಕದ್ದಮೆಗೆ ಆಧಾರ ಸಿಕ್ಕುತ್ತದೆ. ಅಲ್ಲದೆ ಕಲ್ಲೆಸೆಯುವುದು ಕೆಲವೇ ತರುಣರ ಕೆಲಸ. ಮುದುಕಿ, ಬಾಣಂತಿ, ಶಾಲೆಯ ಬಾಲಕ, ಹಾಲು ಕರೆಯುವ ಗೃಹಿಣಿ ಇವರೆಲ್ಲ ಅಂತಹ ಹೋರಾಟದ ಹೊರಗೇ ಉಳಿಯಬೇಕಾಗುವುದು. ಎಲ್ಲರೂ ಸೇರಬಹುದಾದ ಪ್ರತಿಭಟನೆಯೇ ಬಲವಾದ ಪ್ರತಿಭಟನೆ. ವಾದವು ಕಿವಿಗೆ ಕೇಳುವುದಕ್ಕಿಂತ ಕಣ್ಣಿಗೆ ಕಾಣುವಂತಿದ್ದರೆ ಅದರ ಬಲ ಇಮ್ಮಡಿಯಾಗುವುದು.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನರು ಕಡಲ ನೀರಿನಿಂದ ಉಪ್ಪು ಮಾಡಿದರು. ಕಾನೂನು ಅನ್ಯಾಯವೆಂದು ಭಾಷಣ ಮಾಡುವುದಕ್ಕೆ ಪಂಡಿತರು ಬೇಕು; ಒಂದು ಹಿಡಿ ಉಪ್ಪು ಮಾಡುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಗಂಜಿಗೆ ಉಪ್ಪು ಹಾಕಿಕೊಳ್ಳುವವರಿಗೆಲ್ಲ ಅದರ ಅರ್ಥ ಆ ಕ್ಷಣವೇ ಆಯಿತು.

1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ನಡೆದುದು ಇನ್ನೂ ಬೋಧಪ್ರದವಾದುದು. ಗೋಮಾಳವೂ ಊರೊಟ್ಟಿನ ನೆಲವೂ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪೆನಿಯ ನೀಲಗಿರಿ ನೆಡುತೋಪುಗಳಿಗೆ ಹೋಗಿದ್ದುವು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆಗೂಡಿ ಹಳ್ಳಿಗರು ನೀಲಗಿರಿಯ ಕೆಲವು ಸಸಿಗಳನ್ನು ಕಿತ್ತರು; ಅಲ್ಲಿಗೇ ನಿಲ್ಲಿಸದೆ ಊರಿಗೆ ಉಪಯೋಗವಾಗುವ ಗಿಡಗಳನ್ನು ಅಲ್ಲಿಯೇ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದು ಅದಕ್ಕೆ ಹೆಸರಾಯಿತು. ಬೇಡವೆಂಬುದನ್ನೂ ಬೇಕೆಂಬುದನ್ನೂ ಒಂದೇ ಕೆಲಸದಲ್ಲಿ ತೋರಿಸಿದ ಸತ್ಯಾಗ್ರಹವದು. ಜೊತೆಗೆ ಸುಪ್ರೀಂ ಕೋರ್ಟಿನಲ್ಲಿ ದಾವೆಯೂ ನಡೆದಿತ್ತು. ಅದರ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಆ ಕಂಪೆನಿಯನ್ನು ಮುಚ್ಚುವ ತೀರ್ಮಾನವಾಯಿತು.

ನಗರದಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಬೆಂಗಳೂರಿನ ಒಂದು ರಸ್ತೆಯ ಗುಂಡಿಯಲ್ಲಿ ಮೊಸಳೆಯ ಬೊಂಬೆಯನ್ನಿಟ್ಟರು. 2019ರಲ್ಲಿ ಗಗನಯಾತ್ರಿಯ ಉಡುಪಿನ ನಟನೊಬ್ಬನನ್ನು ಹಳ್ಳಬಿದ್ದ ಬೀದಿಯಲ್ಲಿ ಚಂದ್ರನ ಮೇಲೆ ನಡೆಯುವವನಂತೆ ನಡೆಯಿಸಿ ಚಿತ್ರ ತೆಗೆದರು. ನೂರು ಅರ್ಜಿಗಳಿಗೆ ಅಲುಗದ ಅಧಿಕಾರವು ಒಂದು ನಗೆಗೆ ಅಲುಗಿ, ಗುಂಡಿ ಮುಚ್ಚುವವರು ಓಡಿ ಬಂದರು.

ಇವೆಲ್ಲ ಬರಿಯ ಚಮತ್ಕಾರವೆಂದು ತಿಳಿಯಲಾಗದು. ಚಮತ್ಕಾರವು ಜನರ ಕಣ್ಣನ್ನು ಸೆಳೆದೀತು. ಕೆಲಸ ಕೈಗೂಡುವುದು ಪಟ್ಟಿನಿಂದ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ 13 ಹಳ್ಳಿಗಳ ರೈತರು 1,777 ಎಕರೆ ನೆಲಕ್ಕಾಗಿ 2022ರ ಏಪ್ರಿಲ್ 4ರಂದು ಧರಣಿಗೆ ಕುಳಿತರು. ಲಾಠಿಯೇಟು ತಿಂದರು, ಬಂಧನಕ್ಕೊಳಗಾದರು, ಮತ್ತೆ ಬಂದು ಕುಳಿತರು. ಸಾಹಿತಿಗಳೂ ವಿದ್ಯಾರ್ಥಿಗಳೂ ಕಾರ್ಮಿಕರೂ ಬಂದು ಜೊತೆಗೆ ನಿಂತರು. 1,198ನೆಯ ದಿನ, 2025ರ ಜುಲೈ 15ರಂದು, ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸಾರಿದರು. ‘ಸುಮ್ಮನೆ ಕುಳಿತರೆ ಏನಾದೀತು’ ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಪ್ರತಿಯೊಂದು ಧರಣಿಯೂ ಗೆಲ್ಲುವುದೆಂದಲ್ಲ. ಆದರೆ ಸೋತಾಗಲೂ ಊರನ್ನು ಸುಡದೆ, ನೆರೆಹೊರೆಯ ಬಾಂಧವ್ಯವನ್ನು ಕಡಿಯದೆ ಉಳಿಸುವ ದಾರಿ ಇದೊಂದೇ.

ಬೈರಮಂಗಲಕ್ಕೆ ಉಪಾಯಗಳ ಬಡತನವಿಲ್ಲ. ಉಪನಗರದ ನಕ್ಷೆಯನ್ನು ಗೋಡೆಗೆ ತೂಗುಹಾಕಿದ ಕಚೇರಿಯ ಮುಂದೆ, ಅದೇ ನೆಲದ ರಾಗಿತೆನೆ, ಎಳನೀರು, ರೇಷ್ಮೆಗೂಡು, ಹಾಲಿನ ಕ್ಯಾನುಗಳನ್ನು ಊರೂರಿನ ಹೆಸರಿಟ್ಟು ಸಾಲಾಗಿ ಇಡಬಹುದು. ನಕ್ಷೆಯಲ್ಲಿ ಬಣ್ಣದ ಗೆರೆಯಾಗಿ ಕಂಡ ನೆಲವು ಆಗ ಅನ್ನವಾಗಿ ಕಂಡೀತು. ಕೆರೆಯ ನೀರನ್ನು ಗಾಜಿನ ಕೊಡದಲ್ಲಿ ತುಂಬಿ ನಗರದ ಚೌಕದಲ್ಲಿ ಇರಿಸಿ, ‘ಇದು ನಿಮ್ಮ ಮನೆಯಿಂದ ಬಂದುದು’ ಎಂದು ಒಂದು ಚೀಟಿಯನ್ನು ಅಂಟಿಸಿದರೆ ಬೇರೆ ಭಾಷಣ ಬೇಡ. ಪ್ರತಿ ಮನೆಯೂ ತನ್ನ ಆಕ್ಷೇಪಣೆಯನ್ನು ತನ್ನ ಕೈಬರಹದಲ್ಲಿಯೇ ಬರೆದು ಸ್ವೀಕೃತಿ ಪಡೆಯುವುದು ಸಣ್ಣ ಕೆಲಸವಾದರೂ ಕಾಗದದ ರಾಜ್ಯದಲ್ಲಿ ಕಾಗದವೂ ಒಂದು ಆಯುಧವೇ.

ಇಲ್ಲಿ ವಿದ್ಯಾವಂತರ ಪಾಲೂ ಇದೆ. ಅವರ ಬಚ್ಚಲ ನೀರು ಈ ಕೆರೆಗೆ ಹರಿದುಬಂದಿದೆ. ಅವರ ಅನುಕೂಲಕ್ಕೆಂದೇ ಉಪನಗರಗಳು ಏಳುತ್ತವೆ. ಆದುದರಿಂದ ಜಗಲಿಯಲ್ಲಿ ಕುಳಿತು ‘ಏನಾದೀತು’ ಎನ್ನುವ ಅಧಿಕಾರ ಅವರಿಗಿಲ್ಲ. ಅರ್ಜಿ ಬರೆಯಲು ಬಾರದವನಿಗೆ ಬರೆದುಕೊಡುವುದು, ಅಧಿಸೂಚನೆಯ ಕಠಿಣ ಭಾಷೆಯನ್ನು ಬಿಡಿಸಿ ಹೇಳುವುದು, ವಾರಕ್ಕೊಂದು ಸಂಜೆ ಧರಣಿಯವರ ಬಳಿ ಹೋಗಿ ಕೂರುವುದು, ಇಷ್ಟು ಸಾಧ್ಯವಿಲ್ಲದ ಮನೆ ಯಾವುದು? ಕಲ್ಲೆತ್ತದ ಕೈಗಳು ಬಲಹೀನವಾಗುವುದು ಅವು ಖಾಲಿ ಇರುವುದರಿಂದಲ್ಲ, ಒಂಟಿಯಾಗಿ ಉಳಿಯುವುದರಿಂದ.