ಘಟ್ಟದ ಹಾದಿಯ ಸಿಗ್ನಲ್ ಯಾರ ಸ್ವತ್ತು?

ಆಗುಂಬೆ, ಚಾರ್ಮಾಡಿ, ಬಿಸಿಲೆ, ಕುದುರೆಮುಖದ ದಾರಿಗಳಲ್ಲಿ ವಾಹನ ಓಡಿಸುವವರಿಗೆಲ್ಲ ಒಂದು ಅನುಭವ ಸಾಮಾನ್ಯ. ಘಟ್ಟದ ತಿರುವುಗಳನ್ನು ದಾಟುತ್ತಿದ್ದಂತೆ ಮೊಬೈಲಿನ ಸಿಗ್ನಲ್ ಗೀಟುಗಳು ಒಂದೊಂದಾಗಿ ಅಳಿಯುತ್ತವೆ. ಕಣಿವೆಗೆ ಇಳಿಯುವ ಹೊತ್ತಿಗೆ ಫೋನು ಬರಿಯ ಗಡಿಯಾರವಾಗಿ ಉಳಿಯುತ್ತದೆ. ಈ ಕೊರತೆಗೆ ಪರಿಹಾರವೆಂದು ‘ವಾಹನ ಸಿಗ್ನಲ್ ಬೂಸ್ಟರ್’ ಎಂಬ ಉಪಕರಣದ ಮಾತು ಪ್ರವಾಸಿಗರಲ್ಲೂ ಮಲೆನಾಡಿನ ಜೀಪು ಮಾಲೀಕರಲ್ಲೂ ಕೇಳಿಬರುತ್ತಿದೆ. ಹಣ ಕೊಟ್ಟು ತಂದು ಕೂರಿಸಿದರೆ ಕಾಡಿನ ನಡುವೆಯೂ ಮಾತು ಸಾಧ್ಯ ಎಂಬುದು ಮಾರುವವರ ಭರವಸೆ. ಈ ಭರವಸೆ ಎಷ್ಟು ನಿಜ, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಘಟ್ಟದ ಜನರೂ ವಿದ್ಯಾರ್ಥಿಗಳೂ ಯೋಚಿಸಬೇಕಾಗಿದೆ.

ಉಪಕರಣದ ರಚನೆ ಸರಳ. ವಾಹನದ ಚಾವಣಿಯ ಮೇಲೆ ಒಂದು ಆಂಟೆನಾ, ಒಳಗೆ ಆಸನದ ಬಳಿ ಇನ್ನೊಂದು ಚಿಕ್ಕ ಆಂಟೆನಾ, ಎರಡರ ನಡುವೆ ವಾಹನದ ಬ್ಯಾಟರಿಯಿಂದ ನಡೆಯುವ ವರ್ಧಕ. ಹೊರಗಿನ ಆಂಟೆನಾ ದೂರದ ಟವರಿನ ಕ್ಷೀಣ ತರಂಗಗಳನ್ನು ಹಿಡಿಯುತ್ತದೆ, ವರ್ಧಕ ಅವನ್ನು ಹಿಗ್ಗಿಸುತ್ತದೆ, ಒಳಗಿನ ಆಂಟೆನಾ ಫೋನಿಗೆ ತಲುಪಿಸುತ್ತದೆ. ಫೋನಿನಿಂದ ಹೊರಟ ತರಂಗಗಳೂ ಇದೇ ದಾರಿಯಲ್ಲಿ ಹಿಗ್ಗಿ ಟವರಿನ ಕಡೆಗೆ ಸಾಗುತ್ತವೆ. ವಾಹನದ ಲೋಹದ ಕವಚ ತಡೆಯುವ ಸಿಗ್ನಲನ್ನು ಹೊರಗಿನಿಂದಲೇ ಹಿಡಿದು ಒಳಕ್ಕೆ ತರುವುದು ಇದರ ನಿಜವಾದ ಪ್ರಯೋಜನ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಬೂಸ್ಟರ್ ಸಿಗ್ನಲನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಹಿಗ್ಗಿಸುತ್ತದೆ, ಅಷ್ಟೆ. ಫೋನಿಗೆ ಬರುವ ತರಂಗದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಋಣ 80ರ ಆಸುಪಾಸಿನಲ್ಲಿದ್ದರೆ 4ಜಿ ಫೋನಿನಲ್ಲಿ ಮಾತು ಸಲೀಸು; ಋಣ 110 ದಾಟಿದರೆ ಮಾತು ತುಂಡಾಗುತ್ತದೆ; ಋಣ 120ರ ಆಚೆ ಬಹುತೇಕ ಮೌನ. ಈ ಲೆಕ್ಕದಲ್ಲಿ 10 ಡೆಸಿಬೆಲ್ ಏರಿಕೆಯೆಂದರೆ ಹತ್ತು ಪಟ್ಟು. 50 ಡೆಸಿಬೆಲ್ ಎಂದರೆ ಒಂದು ಲಕ್ಷ ಪಟ್ಟು. ಕೇಳಲು ಇದು ದೊಡ್ಡ ಸಂಖ್ಯೆಯೇ. ಆದರೆ ವರ್ಧಕವು ಟವರಿನ ತರಂಗವನ್ನೂ ಅದರೊಡನೆ ಬೆರೆತ ಗದ್ದಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಗದ್ದಲದಲ್ಲಿ ಮುಳುಗಿಹೋದ ತರಂಗ ಲಕ್ಷ ಪಟ್ಟು ಹಿಗ್ಗಿದರೂ ಗದ್ದಲದಲ್ಲೇ ಮುಳುಗಿರುತ್ತದೆ.

ಸಹ್ಯಾದ್ರಿಯಲ್ಲಿ ಸಿಗ್ನಲ್ ಸೋಲುವುದು ದೂರಕ್ಕಿಂತ ಹೆಚ್ಚಾಗಿ ಗುಡ್ಡಗಳಿಗೆ. ಟವರ್ ಎರಡೇ ಕಿಲೋಮೀಟರಿನಲ್ಲಿದ್ದರೂ ನಡುವೆ ಬೆಟ್ಟದ ಬೆನ್ನು ಅಡ್ಡವಾದರೆ ಕಣಿವೆಯ ತಳಕ್ಕೆ ಇಳಿಯುವ ತರಂಗ ಅತ್ಯಲ್ಪ. ದಟ್ಟವಾದ ಎಲೆಗಳೂ ಎಲೆಗಳ ಮೇಲಿನ ಮಳೆನೀರೂ ಉಳಿದದ್ದರಲ್ಲಿ ಒಂದಷ್ಟನ್ನು ಹೀರುತ್ತವೆ. ಹೀಗಾಗಿ ಬೂಸ್ಟರ್ ನೆರವಾಗುವುದು ಸಿಗ್ನಲ್ ಅಲ್ಪಸ್ವಲ್ಪ ಇರುವ ಅಂಚಿನ ಸ್ಥಳಗಳಲ್ಲಿ ಮಾತ್ರ. ಅದು ಅತಿ ಹೆಚ್ಚು ಬೇಕಾದ ಕಡೆ, ಏನೂ ಇಲ್ಲದ ಕಣಿವೆಯ ಆಳದಲ್ಲಿ, ಚಾವಣಿಯ ಮೇಲಿನ ಅಲಂಕಾರವಾಗಿ ಉಳಿಯುತ್ತದೆ.

ಎರಡನೆಯ ಸಂಗತಿ ಇನ್ನೂ ಗಂಭೀರವಾದುದು. ಟವರ್ ಮತ್ತು ಫೋನುಗಳ ನಡುವಿನ ಸಂಭಾಷಣೆಗೆ ಒಂದು ಶಿಸ್ತು ಇದೆ. ಹತ್ತಿರದ ಫೋನು ಮೆಲ್ಲಗೆ, ದೂರದ ಫೋನು ಗಟ್ಟಿಯಾಗಿ ಮಾತನಾಡುವಂತೆ ಟವರು ಸೂಚನೆ ಕೊಡುತ್ತಲೇ ಇರುತ್ತದೆ. ಸಾಮಾನ್ಯ 4ಜಿ ಫೋನು ಹೊರಡಿಸುವ ಗರಿಷ್ಠ ಶಕ್ತಿ ಒಂದು ವ್ಯಾಟಿನ ಐದನೇ ಒಂದು ಭಾಗ ಮಾತ್ರ. ಇಷ್ಟು ಸಣ್ಣ ದನಿಗಳನ್ನು ಬೇರ್ಪಡಿಸಿ ಕೇಳಿಸಿಕೊಳ್ಳಬೇಕಾದ ಟವರಿಗೆ ಸುತ್ತಲಿನ ನಿಶ್ಶಬ್ದವೇ ಬಂಡವಾಳ. ಕಳಪೆ ಬೂಸ್ಟರ್ ಈ ಶಿಸ್ತನ್ನು ಅರಿಯದು. ಅದು ಫೋನಿನ ಮಾತಿನ ಜೊತೆಗೆ ತನ್ನ ಗದ್ದಲವನ್ನೂ ಟವರಿನತ್ತ ಎರಚುತ್ತದೆ. ಎರಡು ಆಂಟೆನಾಗಳು ತೀರ ಹತ್ತಿರವಿದ್ದು, ಒಳಗಿನದು ಹೊರಡಿಸಿದ್ದನ್ನೇ ಹೊರಗಿನದು ಮತ್ತೆ ಹಿಡಿದರಂತೂ ಅನಾಹುತ ಖಂಡಿತ. ಯಕ್ಷಗಾನದ ಆಟದಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದಾಗ ಏಳುವ ಕರ್ಕಶ ಕೂಗನ್ನು ಎಲ್ಲರೂ ಕೇಳಿದ್ದಾರೆ. ಬೂಸ್ಟರಿನಲ್ಲಿ ಏಳುವುದೂ ಅಂಥದೇ ಕೂಗು. ಮನುಷ್ಯರ ಕಿವಿಗೆ ಅದು ಕೇಳಿಸದು. ಟವರಿಗೆ ಬೇರೆ ಏನೂ ಕೇಳಿಸದು.

ಆಗ ಮೊದಲು ಸಂಪರ್ಕ ಕಳೆದುಕೊಳ್ಳುವವರು ಯಾರು? ಟವರಿನ ಬುಡದಲ್ಲಿರುವ ಪೇಟೆಯವರಲ್ಲ. ಅಂಗಳದ ತುದಿಯಲ್ಲೋ ಗುಡ್ಡದ ನೆತ್ತಿಯಲ್ಲೋ ನಿಂತು ಒಂದೇ ಗೀಟಿನ ಸಿಗ್ನಲಿನಲ್ಲಿ ಮಾತನಾಡುವ ಕೊನೆಯ ಮನೆಯವರು. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠ ಕೇಳಲೆಂದು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ರಸ್ತೆಬದಿಯಲ್ಲಿ ಕುಳಿತ ಮಲೆನಾಡಿನ ಮಕ್ಕಳನ್ನು ನಾಡು ಮರೆತಿರಲಾರದು. ಅಂಥ ಮನೆಗಳ ಪಾಲಿನ ಒಂದು ಗೀಟನ್ನು ದಾರಿಹೋಕ ವಾಹನವೊಂದು ಅಳಿಸಿಬಿಡಬಹುದು, ಅಳಿಸಿದ್ದು ವಾಹನದೊಳಗಿನವರಿಗೆ ತಿಳಿಯುವುದೂ ಇಲ್ಲ.

ಘಟ್ಟದ ಜನರಿಗೆ ಇದು ಹೊಸ ಪಾಠವಲ್ಲ. ಬೇಸಿಗೆಯಲ್ಲಿ ಹಳ್ಳದ ಮೇಲ್ಭಾಗದಲ್ಲಿ ಒಬ್ಬರು ದೊಡ್ಡ ಪಂಪ್‌ಸೆಟ್ ಇಟ್ಟರೆ ಕೆಳಗಿನ ತೋಟಗಳ ಗತಿಯೇನು ಎಂಬುದನ್ನು ಅವರು ಬಲ್ಲರು. ಪಂಪು ನೀರನ್ನು ಸೃಷ್ಟಿಸುವುದಿಲ್ಲ. ಎಲ್ಲರ ನೀರನ್ನು ಒಬ್ಬರ ಕಡೆಗೆ ತಿರುಗಿಸುತ್ತದೆ. ರೇಡಿಯೊ ತರಂಗವೂ ಹಳ್ಳದಂತೆಯೇ ಸಾಮುದಾಯಿಕ ಸಂಪತ್ತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಸ್ಪಷ್ಟಪಡಿಸಿದೆ.

ಕಾನೂನಿನ ನಿಲುವೂ ಇದಕ್ಕೆ ಅನುಗುಣವಾಗಿದೆ. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಬಿಟ್ಟು ಬೇರೆ ಯಾವ ವ್ಯಕ್ತಿ ಅಥವಾ ಸಂಸ್ಥೆಯೂ ಸಿಗ್ನಲ್ ಬೂಸ್ಟರನ್ನು ಹೊಂದುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ಕೇಂದ್ರ ದೂರಸಂಪರ್ಕ ಇಲಾಖೆ 2022ರಲ್ಲಿ ಪ್ರಕಟಣೆ ಹೊರಡಿಸಿತು. ಪ್ರವಾಸದ ವಿಡಿಯೊಗಳಲ್ಲಿ ಕಾಣುವ ಬೂಸ್ಟರುಗಳು ಬಹುಮಟ್ಟಿಗೆ ಅಮೆರಿಕದವು. ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2013ರಲ್ಲಿ ಇವಕ್ಕೆಂದೇ ನಿಯಮ ರೂಪಿಸಿದೆ. ವಾಹನದಲ್ಲಿ ಬಳಸುವ ಸಾಮಾನ್ಯ ಬೂಸ್ಟರಿನ ವರ್ಧನೆ 50 ಡೆಸಿಬೆಲ್ ಮೀರಕೂಡದು, ಕೂಗು ಎದ್ದರೆ ಅದು ತಾನಾಗಿಯೇ ನಿಲ್ಲಬೇಕು, ಬಳಸುವವರು ತಮ್ಮ ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಬೇಕು. ಅಂದರೆ ಅನುಮತಿ ಇರುವ ದೇಶದಲ್ಲೂ ಅದು ಕಡಿವಾಣ ಹಾಕಿದ ಅನುಮತಿ. ಆ ದೇಶದ ಆವರ್ತನಗಳಿಗೆ ತಯಾರಾದ ಉಪಕರಣವನ್ನು, ಇಲ್ಲವೇ ಯಾವ ನಿಯಮಕ್ಕೂ ಒಳಪಡದ ಅಗ್ಗದ ಪ್ರತಿಯನ್ನು, ತಂದು ಇಲ್ಲಿ ಚಾವಣಿಗೆ ಕೂರಿಸುವುದು ಹಣ ಕೊಟ್ಟು ಅಪರಾಧವನ್ನು ಕೊಂಡಂತೆ.

ಹಾಗೆಂದು ಬೂಸ್ಟರ್ ಬಯಸುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಜಲಪಾತದ ಚಿತ್ರವನ್ನು ಅಲ್ಲಿಂದಲೇ ಕಳುಹಿಸಬೇಕೆಂಬ ಪ್ರವಾಸಿಗರ ಆತುರ ಬೇರೆ. ಮಳೆಗಾಲದ ನಡುರಾತ್ರಿ ಹಾವು ಕಡಿದವರನ್ನೋ ಹೆರಿಗೆ ನೋವು ತಿನ್ನುತ್ತಿರುವವರನ್ನೋ ಜೀಪಿನಲ್ಲಿ ಕೂರಿಸಿಕೊಂಡು, ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ ಎಂದು ಕೇಳಲೂ ಆಗದೆ ಘಟ್ಟ ಇಳಿಯುವ ಚಾಲಕನ ಸಂಕಟ ಬೇರೆ. ಕಾಡಿನ ಮೌನ ಪ್ರವಾಸಿಗರಿಗೆ ಎರಡು ದಿನದ ಅನನುಕೂಲ. ಊರಿನವರಿಗೆ ಅದು ವರ್ಷವಿಡೀ ಕಾಡುವ ಅಪಾಯ. ಎರಡನೆಯದಕ್ಕೆ ಉತ್ತರ ಕೊಡದೆ ಬೂಸ್ಟರ್ ತಪ್ಪೆಂದು ಉಪದೇಶಿಸುವುದು ಅರ್ಧ ಸತ್ಯವಾದೀತು.

ಆದರೆ ಆ ಚಾಲಕನಿಗೂ ಬೂಸ್ಟರ್ ಉತ್ತರವಲ್ಲ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಕಡಿತವಾದರೆ ಟವರಿನ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ. ರಸ್ತೆ ಕುಸಿದರೆ ಜನರೇಟರಿಗೆ ಡೀಸೆಲ್ ತಲುಪುವುದಿಲ್ಲ. 2018ರ ಆಗಸ್ಟಿನ ಕೊಡಗು, 2024ರ ಜುಲೈನ ಶಿರೂರು ಮತ್ತು ವಯನಾಡು ಗುಡ್ಡ ಕುಸಿತಗಳು ಘಟ್ಟದ ಮಳೆ ಏನು ಮಾಡಬಲ್ಲದು ಎಂಬುದನ್ನು ತೋರಿಸಿವೆ. ಅಂಥ ರಾತ್ರಿ ಟವರೇ ಮಲಗಿದರೆ ಯಾವ ವರ್ಧಕ ಏನನ್ನು ಹಿಗ್ಗಿಸೀತು? ಬೇಕಾಗಿರುವುದು ಮಳೆಗಾಲಕ್ಕೆ ಮುಂಚೆಯೇ ಸಿದ್ಧವಾದ ಟವರ್: ದಿನಗಟ್ಟಲೆ ನಡೆಸುವ ಬ್ಯಾಟರಿ, ಸಾಧ್ಯವಿರುವೆಡೆ ಸೌರಶಕ್ತಿ, ಮೊದಲೇ ದಾಸ್ತಾನು ಮಾಡಿದ ಇಂಧನ.

ಇದಕ್ಕೆ ಬೇಕಾದ ಸಾರ್ವಜನಿಕ ಯೋಜನೆಗಳು ಇಲ್ಲದಿಲ್ಲ. ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಸೇವೆ ಒದಗಿಸಲು 26,316 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿತು. ಅದರ ಹೊಣೆ ಬಿಎಸ್ಸೆನ್ನೆಲ್‌ನದು. ಸರ್ಕಾರಿ ನಿಧಿಯ ನೆರವಿನಿಂದ ನಿಂತ ಟವರುಗಳಲ್ಲಿ ಒಂದು ಕಂಪನಿಯ ಗ್ರಾಹಕರಿಗೆ ಇನ್ನೊಂದು ಕಂಪನಿಯ 4ಜಿ ಸೇವೆಯೂ ದೊರೆಯುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಯಿತು. ಪರಿಸರದ ದೃಷ್ಟಿಯಿಂದ ಈ ಹಂಚಿಕೆ ಬಹು ಮುಖ್ಯ. ಒಂದೇ ಗುಡ್ಡದ ಮೇಲೆ ಮೂರು ಕಂಪನಿಗಳ ಮೂರು ಟವರ್, ಮೂರು ದಾರಿ, ಮೂರು ಜನರೇಟರ್ ಏಕೆ? ಒಂದು ಟವರ್ ಎಲ್ಲರಿಗೂ ದನಿಯಾದರೆ ಅಷ್ಟು ಮರಗಳು ಉಳಿದಾವು.

ಕಾಡಿನೊಳಗಿನ ಊರುಗಳಿಗೆ ‘ಅರಣ್ಯ ಕಾಯ್ದೆ ಅಡ್ಡಿ’ ಎಂಬ ಸಿದ್ಧ ಉತ್ತರವನ್ನು ಕೊಡುವ ಅಧಿಕಾರಿಗಳಿಗೂ ಒಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ಕುಡಿಯುವ ನೀರುಗಳ ಸಾಲಿನಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳನ್ನೂ ಹೆಸರಿಸಿದೆ. ಒಂದೊಂದು ಸೌಲಭ್ಯಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75 ಮರಗಳನ್ನು ಮೀರದ ಕಡಿತ, ಗ್ರಾಮಸಭೆಯ ಶಿಫಾರಸು ಎಂಬ ಮಿತಿಯೊಳಗೆ ಅದು ಅವಕಾಶ ಕೊಡುತ್ತದೆ. ಇರುವ ರಸ್ತೆಯ ಅಂಚಿನಲ್ಲೇ ಕೇಬಲ್ ಸಾಗಿದರೆ ಮರ ಕಡಿಯುವ ಪ್ರಶ್ನೆಯೂ ಬಹುಪಾಲು ಏಳದು. ಗ್ರಾಮಸಭೆ ಕೇಳಬೇಕು, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ಅಲ್ಲಿಯವರೆಗೆ ದಾರಿಯಲ್ಲಿ ಹೊರಡುವವರು ಹಳೆಯ ವಿವೇಕವನ್ನು ಮರಳಿ ಕಲಿಯುವುದು ಒಳ್ಳೆಯದು. ಹೋಗುವ ದಾರಿ ಮತ್ತು ತಲುಪುವ ಹೊತ್ತನ್ನು ಮನೆಯಲ್ಲಿ ಹೇಳಿ ಹೊರಡಬೇಕು. ನಕ್ಷೆಯನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಬೇಕು. ಸಿಗ್ನಲ್ ಹುಡುಕುವುದರಲ್ಲೇ ಫೋನಿನ ಬ್ಯಾಟರಿ ಬೇಗ ಖಾಲಿಯಾಗುವುದರಿಂದ ಕಣಿವೆಯಲ್ಲಿ ಅದನ್ನು ವಿಮಾನದ ಸ್ಥಿತಿಯಲ್ಲಿಡುವುದು ಲೇಸು. ಮಾತು ಬೇಕಾದಾಗ ವಾಹನ ನಿಲ್ಲಿಸಿ, ಹೊರಗಿಳಿದು, ಎತ್ತರದ ಬಯಲಿಗೆ ನಡೆದರೆ ಕಾಸಿಲ್ಲದೆ ಬೂಸ್ಟರಿನ ಕೆಲಸದ ಒಂದು ಭಾಗ ಆದಂತೆಯೇ. ಕರೆ ಹೋಗದ ಕಡೆಯೂ ಕೆಲವೊಮ್ಮೆ ಎಸ್ಸೆಮ್ಮೆಸ್ ಹೋಗುತ್ತದೆ. ತಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯದು ಇದ್ದರೂ 112ಕ್ಕೆ ಕರೆ ಹೋಗುವ ಸಾಧ್ಯತೆ ಇರುವುದರಿಂದ ಆಪತ್ತಿನಲ್ಲಿ ಆ ಸಂಖ್ಯೆಯನ್ನು ಒತ್ತಿ ನೋಡದೆ ಬಿಡಬಾರದು.

ವಿದ್ಯಾರ್ಥಿಗಳಿಗೆ ಇಲ್ಲೊಂದು ನಿಜವಾದ ಕೆಲಸವಿದೆ. ಮೊಬೈಲ್ ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಇದೆಯೆಂದು ತೋರಿಸುವ ನಕ್ಷೆಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2025ರಲ್ಲಿ ಪ್ರಕಟಿಸಿವೆ. ಆ ನಕ್ಷೆಯಲ್ಲಿ ಬಣ್ಣ ತುಂಬಿದ ಎಷ್ಟು ತಿರುವುಗಳಲ್ಲಿ, ಎಷ್ಟು ಮನೆಗಳ ಅಂಗಳದಲ್ಲಿ ಫೋನು ನಿಜಕ್ಕೂ ಮಾತನಾಡುತ್ತದೆ? ಊರಿನ ದಾರಿಯಲ್ಲಿ ನಡೆದು, ಸ್ಥಳ, ಹೊತ್ತು, ಡಿಬಿಎಂ ಸಂಖ್ಯೆಗಳನ್ನು ಬರೆದುಕೊಂಡು, ಸಿಗ್ನಲ್ ಸಿಗುವ ಜಾಗಗಳಿಗೆ ಫಲಕ ಹಾಕಿ, ಸಿಗದ ಜಾಗಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟರೆ ಅದು ಯಾವ ಮನವಿಪತ್ರಕ್ಕಿಂತಲೂ ಗಟ್ಟಿಯಾದ ದಾಖಲೆಯಾಗುತ್ತದೆ.

ಹಳ್ಳಕ್ಕೆ ನೀರು ಬರಬೇಕಾದರೆ ಮೇಲಿನ ಕಾಡು ಉಳಿಯಬೇಕು, ಹರಿದ ನೀರು ಎಲ್ಲರಿಗೂ ಸಲ್ಲಬೇಕು ಎಂದು ಮಲೆನಾಡು ದಶಕಗಳಿಂದ ಹೇಳುತ್ತ ಬಂದಿದೆ. ಗಾಳಿಯಲ್ಲಿ ಹರಿಯುವ ಸಿಗ್ನಲಿಗೂ ಆ ಮಾತೇ ಸಲ್ಲುತ್ತದೆ. ಒಂದೊಂದು ವಾಹನದ ಚಾವಣಿಗೆ ಒಂದೊಂದು ಬೂಸ್ಟರ್ ಏರಿದರೆ, ಟವರಿಗಾಗಿ ಕೇಳುವ ದನಿಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಕೊನೆಯ ಮನೆಯ ಅಂಗಳದಲ್ಲಿ ನಿಂತವರು ಮಾತ್ರ ಉಳಿಯುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದದ್ದು ಅವರ ದನಿ.