ಎಡಗೈಗೂ ಕೆಲಸವಿರಲಿ

ಹಾರ್ಮೋನಿಯಂ ನುಡಿಸುವವನ ಬಲಗೈಯನ್ನು ಎಲ್ಲರೂ ನೋಡುತ್ತಾರೆ. ಎಡಗೈಯನ್ನು ನೋಡುವವರು ವಿರಳ. ಬಲಗೈಯ ಬೆರಳುಗಳು ಸ್ವರದಿಂದ ಸ್ವರಕ್ಕೆ ಓಡಾಡುತ್ತಿರುವಾಗ ಎಡಗೈ ಹಿಂಬದಿಯ ತಿದಿಯನ್ನು ಒತ್ತುತ್ತ, ಸಡಿಲಿಸುತ್ತ, ಒಂದು ಸ್ವರವನ್ನು ಮೆಲ್ಲಗೆ ಉಬ್ಬಿಸಿ ಮತ್ತೊಂದನ್ನು ಕರಗಿಸುತ್ತಿರುತ್ತದೆ. ಹುಬ್ಬಳ್ಳಿ-ಧಾರವಾಡದ ಜನ ‘ಪೇಟಿ’ ಎಂದು ಕರೆಯುವ ಈ ವಾದ್ಯದ ಉಸಿರೆಲ್ಲ ಆ ಎಡಗೈಯದೇ. ಇಂದು ಕಂಪ್ಯೂಟರಿಗೆ ಜೋಡಿಸಿ ಸಂಗೀತ ರಚಿಸುವುದಕ್ಕಾಗಿ ಮಿಡಿ ಕೀಬೋರ್ಡನ್ನು ಕೊಳ್ಳಹೊರಟವರು ಮರೆಯುವುದೂ ಇದನ್ನೇ. ಅಂಗಡಿಗೆ ಹೋದೊಡನೆ ಅವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೀ?’ ಎಂಬುದು, ಎರಡನೆಯದು ‘ಎಷ್ಟು ರೂಪಾಯಿ?’ ಎಂಬುದು. ಎಡಗೈಗೆ ಏನು ಕೆಲಸ ಎಂದು ಕೇಳುವವರು ಯಾರೂ ಇಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. 1947ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ 2015ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾದ ಸಂಸ್ಥೆಯೊಂದು ಇರುವ ಬಡಾವಣೆಯದು. ಮೊಮ್ಮಗಳು ಅಲ್ಲಿಯ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಿಂದೂಸ್ತಾನಿ ಗಾಯನ ಕಲಿತವಳು. ಈಗ ತಾನೇ ಹಾಡು ಕಟ್ಟಿ, ಹಿನ್ನೆಲೆ ಸಂಗೀತ ಸೇರಿಸಿ ಧ್ವನಿಮುದ್ರಿಸುವ ಹಂಬಲ ಅವಳಿಗೆ. ನಡುಮನೆಯಲ್ಲಿ ಅಜ್ಜನ ಪೇಟಿಯಿದೆ. ಅದನ್ನು ಮಾರಿ ಕೀಬೋರ್ಡ್ ತರುವುದೆಂಬ ಮಾತು ಹೊರಟಿದೆ. ಅಜ್ಜನಿಗೆ ಊಟ ರುಚಿಸುತ್ತಿಲ್ಲ.

“ಇದರಾಗ ಧ್ವನಿ ಎಲ್ಲಿಂದ ಬರತೈತವ್ವಾ?” ಎಂದು ಚಿತ್ರವನ್ನು ನೋಡಿ ಅವರು ಕೇಳುತ್ತಾರೆ.

“ಇದರಾಗ ಧ್ವನಿನ ಇಲ್ಲ ಅಜ್ಜಾ. ಧ್ವನಿ ಕಂಪ್ಯೂಟರಿನ್ಯಾಗ ಐತಿ.”

ಮೊಮ್ಮಗಳ ಉತ್ತರ ಅಕ್ಷರಶಃ ಸರಿ. ಮಿಡಿ ಕೀಬೋರ್ಡ್ ಮೂಕವಾದ ಪೆಟ್ಟಿಗೆ. ಕೀ ಒತ್ತಿದಾಗ ಅದು ಕಂಪ್ಯೂಟರಿಗೆ ಕಳುಹಿಸುವುದು ಮೂರೇ ಸಣ್ಣ ಸಂಗತಿಗಳನ್ನು: ‘ಸ್ವರ ಆರಂಭವಾಯಿತು’ ಎಂಬ ಸೂಚನೆ, ಯಾವ ಸ್ವರವೆಂಬ ಸಂಖ್ಯೆ, ಎಷ್ಟು ರಭಸದಿಂದ ಒತ್ತಲಾಯಿತೆಂಬ ಇನ್ನೊಂದು ಸಂಖ್ಯೆ. ಎರಡು ಸಂಖ್ಯೆಗಳೂ 0ಯಿಂದ 127ರೊಳಗೆ. ಪಿಯಾನೋದ ನಡುವಣ ‘ಸಿ’ಗೆ 60. ಆ ಸಂಖ್ಯೆಯನ್ನು ಕೊಳಲಾಗಿ ಕೇಳಿಸುವುದೋ, ಸಾರಂಗಿಯಾಗಿ ಕೇಳಿಸುವುದೋ ಕಂಪ್ಯೂಟರಿನೊಳಗಿನ ತಂತ್ರಾಂಶದ ಕೆಲಸ. ಆದುದರಿಂದ ‘ಈ ಕೀಬೋರ್ಡಿನ ಧ್ವನಿ ಇಂಪಾಗಿದೆ’ ಎಂದು ಹೊಗಳುವ ಮಾರಾಟಗಾರನಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯುವುದು ಲೇಸು.

ಈ ಸಂಕೇತಭಾಷೆ ಬೆಳಕಿಗೆ ಬಂದದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ, ಇಬ್ಬರೂ ವಾದ್ಯ ತಯಾರಕರು, ಪರಸ್ಪರ ಪ್ರತಿಸ್ಪರ್ಧಿಗಳು. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯಮೇಳವೊಂದರಲ್ಲಿ ಒಬ್ಬರ ಯಂತ್ರವನ್ನು ಇನ್ನೊಬ್ಬರ ಯಂತ್ರಕ್ಕೆ ತಂತಿಯಿಂದ ಜೋಡಿಸಿ, ಒಂದರಲ್ಲಿ ಒತ್ತಿದ ಸ್ವರವನ್ನು ಮತ್ತೊಂದರಲ್ಲಿ ನುಡಿಸಿ ತೋರಿಸಿದರು. ಈ ಕಾರ್ಯಕ್ಕಾಗಿ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪುರಸ್ಕಾರ ದೊರೆಯಿತು. ಗೃಹಸ್ಥನಿಗೆ ಇದರಿಂದಾದ ಲಾಭವೆಂದರೆ, ಅಂದಿನ ಯಂತ್ರವೂ ತಕ್ಕ ತಂತಿ ದೊರೆತರೆ ಇಂದಿನ ಕಂಪ್ಯೂಟರಿನೊಡನೆ ಮಾತನಾಡಬಲ್ಲದು. ಹಾಗಾಗಿ ಬಳಸಿದ ಕೀಬೋರ್ಡನ್ನು ಅರ್ಧ ಬೆಲೆಗೆ ಕೊಳ್ಳುವುದು ಅವಿವೇಕವಲ್ಲ; ಒಂದೊಂದು ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ ಕೊಳ್ಳಬೇಕು, ಅಷ್ಟೆ.

ಆದರೆ ಅಜ್ಜನ ಸಂಕಟ ಬೆಲೆಯದಲ್ಲ, ಕಿವಿಯದು. ಅದಕ್ಕೆ ಇತಿಹಾಸದ ಬೆಂಬಲವಿದೆ. ಮೀಂಡು ಎಳೆಯಲಾಗದ, ಶ್ರುತಿಯ ಸೂಕ್ಷ್ಮಗಳನ್ನು ತೋರಲಾಗದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. ಅದು ಸಡಿಲಗೊಳ್ಳತೊಡಗಿದ್ದು 1971ರಲ್ಲಿ. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರ ತನ್ನ ಮೊದಲ ಎರಡು ದಶಕಗಳನ್ನು ಆ ಬಹಿಷ್ಕಾರದ ನೆರಳಿನಲ್ಲಿಯೇ ಕಳೆಯಿತು. ಬಾನುಲಿಯಿಂದ ಹೊರಗಿದ್ದ ಪೇಟಿ ಮನೆಗಳಿಂದಲೂ ವೇದಿಕೆಗಳಿಂದಲೂ ಹೊರಗಾಗಲಿಲ್ಲವೆಂಬುದು ಬೇರೆ ಮಾತು. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆಯವರಂಥವರು ಅದೇ ಪೇಟಿಯಲ್ಲಿ ಜೀವಮಾನದ ಸಾಧನೆ ಮಾಡಿದರು. ಇರಲಿ, ಆಕ್ಷೇಪ ಸುಳ್ಳಾಗಿರಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರು ಬಾಳಿದ ಊರು ಹುಬ್ಬಳ್ಳಿ. ಒಂದೊಂದೇ ಸ್ವರವನ್ನು ಎತ್ತಿಕೊಂಡು ಅದರ ಮೇಲೆ ನಿಂತು ಬೆಳೆಸುವ ಕಿರಾನಾ ಗಾಯಕಿಯನ್ನು ಕೇಳಿ ಬೆಳೆದ ಕಿವಿಗೆ ಬಿಡಿಬಿಡಿಯಾಗಿ ಜಿಗಿಯುವ ಕೀಗಳು ಒರಟಾಗಿ ಕಂಡರೆ ಆಶ್ಚರ್ಯವಿಲ್ಲ.

ಲೆಕ್ಕವೂ ಆ ಕಿವಿಯ ಪಕ್ಷವೇ. ಪಾಶ್ಚಾತ್ಯ ಕ್ರಮದಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ, ಒಂದೊಂದು ಪಾಲಿಗೆ 100 ಸೆಂಟ್ ಎಂದು ಅಳತೆಯಿಟ್ಟಿದ್ದಾರೆ. ಆ ಅಳತೆಯಂತೆ ಕೀಬೋರ್ಡಿನ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ. ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರವಾದರೋ 386ರಲ್ಲಿಯೇ ಇದೆ. ಹದಿನಾಲ್ಕು ಸೆಂಟ್ ಎಂದರೆ ಅರ್ಧಸ್ವರದ ಏಳನೆಯ ಒಂದು ಪಾಲು. ಕಿವಿ ಪಳಗಿದವರಿಗೆ ಅಷ್ಟು ಸಾಕು.

ಇಲ್ಲಿಯೇ ಹೊಸ ವಾದ್ಯ ಹಳೆಯದನ್ನು ಮೀರಿಸುತ್ತದೆ. ಪೇಟಿಯ ಹಿತ್ತಾಳೆಯ ನಾಲಗೆಯನ್ನು ಒಮ್ಮೆ ಅರದಿಂದ ತಿದ್ದಿದ ಮೇಲೆ ಅದರ ಶ್ರುತಿ ಅಲ್ಲಿಗೆ ನಿಂತಿತು. ಮೂಕವಾದ ಕೀಬೋರ್ಡಿಗೆ ಶ್ರುತಿಯೆಂಬುದೇ ಇಲ್ಲ. ಗಾಂಧಾರವನ್ನು ಹದಿನಾಲ್ಕು ಸೆಂಟ್ ಇಳಿಸೆಂದು ತಂತ್ರಾಂಶಕ್ಕೆ ಹೇಳಿದರೆ ಅದು ಇಳಿಸುತ್ತದೆ. ಈ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲೂ ಇಲ್ಲವಾದ್ದರಿಂದ ವಿಚಾರಿಸಿಯೇ ಆರಿಸಬೇಕು. ಬಹಿಷ್ಕಾರಕ್ಕೆ ಕೊಟ್ಟ ಕಾರಣಗಳಲ್ಲಿ ಅರ್ಧ ಹೀಗೆ ಕಳಚಿಬೀಳುತ್ತದೆ.

ಉಳಿದರ್ಧ ಮೀಂಡಿನದು, ಅದಕ್ಕೆ ಉತ್ತರ ಕೊಡಬೇಕಾದುದು ಎಡಗೈ. ಒಳ್ಳೆಯ ಕೀಬೋರ್ಡಿನ ಎಡತುದಿಯಲ್ಲಿ ಎರಡು ಗಾಲಿಗಳಿರುತ್ತವೆ. ಒಂದು ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುತ್ತದೆ, ಕೈಬಿಟ್ಟೊಡನೆ ನಡುವಿಗೆ ಮರಳುತ್ತದೆ. ಮಿಡಿಯ ಕಟ್ಟಳೆಯಲ್ಲಿ ಈ ಬಾಗುವಿಕೆಗೆ 16,384 ಸೂಕ್ಷ್ಮ ಮೆಟ್ಟಿಲುಗಳಿಗೆ ಎಡೆಯಿದೆ. ಸಾಮಾನ್ಯವಾಗಿ ಎರಡು ಅರ್ಧಸ್ವರಗಳಷ್ಟು ಬಾಗುವಂತೆ ಇಟ್ಟಿರುತ್ತಾರೆ. ಬೇಕಾದವರು ತಂತ್ರಾಂಶದಲ್ಲಿ ಹೆಚ್ಚಿಸಿಕೊಳ್ಳಬಹುದು. ದರಬಾರಿಯ ಕೋಮಲ ಗಾಂಧಾರವನ್ನು ತೂಗಿಸಬೇಕಾದರೆ ಈ ಗಾಲಿಯೇ ಗತಿ. ಎರಡನೆಯದು ಇಟ್ಟಲ್ಲಿ ನಿಲ್ಲುವ ಗಾಲಿ. ನುಡಿಯುತ್ತಿರುವ ಸ್ವರವನ್ನು ಉಬ್ಬಿಸಿ ಇಳಿಸುವ ಕೆಲಸಕ್ಕೆ ಅದನ್ನು ನೇಮಿಸಿಕೊಳ್ಳಬಹುದು. ಕೀ ಒತ್ತಿದ ರಭಸ ಸ್ವರದ ಆರಂಭವನ್ನಷ್ಟೇ ನಿರ್ಧರಿಸುತ್ತದೆ. ಆಮೇಲಿನ ಉಸಿರು ಈ ಗಾಲಿಯಿಂದ ಬರಬೇಕು. ಪೇಟಿಯ ತಿದಿಗೆ ಸಮೀಪದ ಬಂಧು ಇದು. ಅಗ್ಗದ ಕೆಲವು ಮಾದರಿಗಳಲ್ಲಿ ಗಾಲಿಗಳ ಬದಲು ಎರಡು ಗುಂಡಿಗಳಿರುತ್ತವೆ. ಗುಂಡಿಯಿಂದ ಮೀಂಡು ಎಳೆಯುವುದು ಕೋಲಿನಿಂದ ರಂಗೋಲಿ ಹಾಕಿದಂತೆ! ಎಷ್ಟು ಅಗ್ಗವಾದರೂ ಅದು ಬೇಡ. ಬಿಡಿಬಿಡಿಯಾಗಿ ಪ್ರತಿ ಸ್ವರವನ್ನೂ ಬಾಗಿಸಬಲ್ಲ ಎಂ.ಪಿ.ಇ. ಎಂಬ ಕಟ್ಟಳೆ 2018ರಲ್ಲಿ ಬಂದಿದೆ. ಆ ವಾದ್ಯಗಳ ಬೆಲೆ ಕೇಳಿದರೆ ಮಧ್ಯಮವರ್ಗದ ಮನೆಯಲ್ಲಿ ಮಾತು ನಿಂತುಹೋಗುತ್ತದೆ.

ಇನ್ನು ಕೀಗಳ ಸಂಖ್ಯೆ. ಮನೆಯ ಯಜಮಾನನ ವಾದ ಗೊತ್ತೇ ಇದೆ: “88ರದ್ದನ್ನ ತರೂಣು, ಮತ್ತ ಮತ್ತ ತಗೊಳ್ಳೂದು ಬ್ಯಾಡ.” 88 ಕೀಗಳ ಸಾಲೇ ಸುಮಾರು ನಾಲ್ಕು ಅಡಿ ಉದ್ದ, ಓದುವ ಮೇಜಿನ ಮೇಲೆ ಅದನ್ನಿಟ್ಟರೆ ಪುಸ್ತಕಗಳನ್ನು ಮಂಚದ ಮೇಲೆ ಇಡಬೇಕಾದೀತು. ಪಿಯಾನೋ ಕಲಿಯುವವರಿಗೆ ಅದು ಅವಶ್ಯ, ಉಳಿದವರಿಗಲ್ಲ. 25 ಕೀಗಳದು ಎರಡೇ ಸಪ್ತಕ. ಮಂದ್ರದಿಂದ ತಾರದವರೆಗೆ ಮೂರು ಸಪ್ತಕ ಸಂಚರಿಸುವ ಗಾಯನಕ್ಕೆ ಅದು ಸಾಲದು. ಮೂರೂವರೆ ಸಪ್ತಕದ ಪೇಟಿಯಲ್ಲಿ 42 ಕೀಗಳಿರುತ್ತವೆ. ಆ ಅಳತೆಗೆ ಒಗ್ಗಿದ ಕೈಗೆ 49 ಸುಖ. ಎರಡೂ ಕೈಗಳಿಂದ ನುಡಿಸುವ ಆಸೆಯಿದ್ದರೆ 61. ಕೀಗಳು ಪೂರ್ಣ ಅಗಲದವಾಗಿರಲಿ. ಕಿರುಗೀಗಳ ಮೇಲೆ ಬೆಳೆದ ಬೆರಳುಗಳು ದೊಡ್ಡ ವಾದ್ಯದ ಮುಂದೆ ತಡವರಿಸುತ್ತವೆ. ಮೇಲೆ ಮಿನುಗುವ ಬಣ್ಣದ ಗುಂಡಿಗಳಿಗಾಗಿ ಹೆಚ್ಚು ಹಣ ತೆರುವುದಕ್ಕಿಂತ ಪೆಡಲ್ ಜೋಡಿಸುವ ರಂಧ್ರವಿದೆಯೇ ಎಂದು ನೋಡುವುದು ಮೇಲು.

ಮನೆಗೆ ತಂದು ಜೋಡಿಸಿದ ದಿನ ಒಂದು ನಿರಾಶೆ ಕಾದಿರಬಹುದು: ಕೀ ಒತ್ತಿದ ಮೇಲೆ ಧ್ವನಿ ತಡವಾಗಿ ಕೇಳಿಸುತ್ತದೆ. ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ತಡ ಕಿವಿಗೆ ತಿಳಿಯದು. ಅದರ ಮೂರು ನಾಲ್ಕು ಪಟ್ಟಾದರೆ ತಾಳವೇ ಕೆಡುತ್ತದೆ. ಕೀಬೋರ್ಡನ್ನು ಬೈದು ಹಿಂದಿರುಗಿಸುವ ಮೊದಲು ಕಂಪ್ಯೂಟರಿನ ಧ್ವನಿವ್ಯವಸ್ಥೆಯಲ್ಲಿ ‘ಬಫರ್’ ಎಂಬುದನ್ನು ಕಡಿಮೆ ಮಾಡಿ ನೋಡಬೇಕು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ತೆಗೆದಿಟ್ಟು, ತಂತಿಯದನ್ನು ಜೋಡಿಸಬೇಕು. ಅಪರಾಧಿ ಹೆಚ್ಚಾಗಿ ಇವೆರಡರಲ್ಲೊಂದು.

ಉಳಿದದ್ದು ಪೇಟಿಯ ಪ್ರಶ್ನೆ. ಹಳೆಯ ಪೇಟಿಯನ್ನು ಮಾರಿದರೆ ಬರುವ ಹಣ ಅಲ್ಪ. ಅದಕ್ಕಿಂತ ಉತ್ತಮ ಉಪಯೋಗವೊಂದಿದೆ. ಪೇಟಿಯ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿ, ಕಂಪ್ಯೂಟರಿನ ‘ಸ್ಯಾಂಪ್ಲರ್’ ತಂತ್ರಾಂಶದಲ್ಲಿ ಆಯಾ ಕೀಗೆ ಹೊಂದಿಸಿದರೆ, ಆ ಮೂಕ ಪೆಟ್ಟಿಗೆ ಅದೇ ಪೇಟಿಯ ಕಂಠದಿಂದ ನುಡಿಯುತ್ತದೆ, ಗಾಲಿ ತಿರುಗಿಸಿದರೆ ಮೀಂಡಿನ ಸಹಿತ! ಅಂಗಡಿಯಲ್ಲಿ ಕೊಳ್ಳಲಾಗದ ಧ್ವನಿಯದು. ಸ್ವರಕ್ಕೆ ಹತ್ತು ಸೆಕೆಂಡಿನಂತೆ 42 ಕೀಗಳಿಗೆ ಒಟ್ಟು ಏಳು ನಿಮಿಷದ ಧ್ವನಿಮುದ್ರಣ. ಬೀದಿಯ ಸದ್ದಡಗಿದ ಮೇಲೆ, ಕಿಟಕಿ ಮುಚ್ಚಿ, ಪಂಖಾ ನಿಲ್ಲಿಸಿ ಮಾಡಬೇಕಾದ ಕೆಲಸ. ತಿದಿಯ ಒತ್ತಡ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕಾದ್ದರಿಂದ ಪೇಟಿಯ ಮುಂದೆ ಅಜ್ಜನೇ ಕುಳಿತುಕೊಳ್ಳಬೇಕು.