ತಲೆಗೆ ಕರೆಂಟು ಸಾಕು, ಕೈಗೆ ಕೆಲಸ ಕೊಡಿ

ಲಕ್ವ ಹೊಡೆದ ಕೈಗೆ ಚಲನೆ ತರಿಸಲು ನೆತ್ತಿಯ ಮೇಲಿಂದ ವಿದ್ಯುತ್ ಹರಿಸುವ ಚಿಕಿತ್ಸೆಗೆ ಇನ್ನಷ್ಟು ಹಣ ಸುರಿಯುವುದನ್ನು ಸದ್ಯಕ್ಕೆ ನಿಲ್ಲಿಸಬೇಕು. ಟ್ರಾನ್ಸ್‌ಪೋರ್ಟ್-2 ಪ್ರಯೋಗದ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಪ್ರಕಟವಾದ ಮೇಲೂ ‘ಪ್ರಮಾಣ ಸಾಲದು, ಏರಿಸಿ ನೋಡೋಣ’ ಎನ್ನುವವರಿದ್ದಾರೆ. ಏರಿಸಿ ನೋಡಿದ್ದೇ ಆ ಪ್ರಯೋಗ! ಅಮೆರಿಕದ 129 ರೋಗಿಗಳಲ್ಲಿ ಒಂದು ಗುಂಪಿಗೆ 2 ಮಿಲಿಆಂಪಿಯರ್, ಇನ್ನೊಂದಕ್ಕೆ ಅದರ ದುಪ್ಪಟ್ಟು, ಮೂರನೆಯದಕ್ಕೆ ಬರೀ ಹುಸಿ ಪ್ರಚೋದನೆ. ಮೂರೂ ಗುಂಪಿನವರ ಕೈ ಸುಧಾರಿಸಿತು. ಆದರೆ ಗುಂಪು ಗುಂಪಿನ ನಡುವೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇರಲಿಲ್ಲ.

ಇದು ಮೊದಲ ಸೋಲೂ ಅಲ್ಲ. ಕಾಂತಕ್ಷೇತ್ರದಿಂದ ಮೆದುಳನ್ನು ಪ್ರಚೋದಿಸಿದ ನೀಷ್ ಪ್ರಯೋಗ 2018ರಲ್ಲಿ ವರದಿಯಾಯಿತು. ಅದರಲ್ಲಿದ್ದವರು 199 ಮಂದಿ. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ 67, ಹುಸಿ ಚಿಕಿತ್ಸೆಯವರಲ್ಲಿ ಶೇ 65 ಮಂದಿಯ ಕೈ ಗುರಿ ಮುಟ್ಟುವಷ್ಟು ಚೇತರಿಸಿಕೊಂಡಿತು. ಎಲ್ಲರೂ ನೋಡಿದ್ದು ಎರಡರ ನಡುವಿನ ಅಂತರವನ್ನು. ಯಂತ್ರದ ನೆರವೇ ಇಲ್ಲದೆ ಮೂರರಲ್ಲಿ ಇಬ್ಬರು ಏಕೆ ಸುಧಾರಿಸಿದರು ಎಂದು ಕೇಳಿದವರು ಕಡಿಮೆ. ಪಾರ್ಶ್ವವಾಯುವಾಗಿ ತಿಂಗಳುಗಳೇ ಕಳೆದಿದ್ದವರು ಅವರು. ತಾನಾಗಿ ಬರುವ ಚೇತರಿಕೆಯ ತಲೆಗೆ ಎಲ್ಲವನ್ನೂ ಕಟ್ಟಲಾಗದು. ಎರಡೂ ಪ್ರಯೋಗಗಳಲ್ಲಿ ಹುಸಿ ಗುಂಪಿನವರಿಗೂ ಒಂದು ಸಿಕ್ಕಿತ್ತು: ವೇಳಾಪಟ್ಟಿ ತಪ್ಪದ, ತಜ್ಞರು ಪಕ್ಕದಲ್ಲೇ ಕೂತು ಮಾಡಿಸಿದ ಕೈಯ ಅಭ್ಯಾಸ.

ಇಲ್ಲಿ 32 ಎಂಬ ಅಂಕಿಯನ್ನು ನೆನೆಯಲೇಬೇಕು. ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾದ ಏಳು ಕೇಂದ್ರಗಳಲ್ಲಿ 312 ಥೆರಪಿ ಅವಧಿಗಳನ್ನು ಕಣ್ಣಾರೆ ನೋಡಿ, ಎಣಿಸಿ, 2009ರಲ್ಲಿ ಬರೆದದ್ದು ಇದು. ಲೋಟ ಹಿಡಿಯುವುದು, ಗುಂಡಿ ಹಾಕುವುದು ಮುಂತಾದ ಉಪಯೋಗಕ್ಕೆ ಬರುವ ಚಲನೆಗಳನ್ನು ರೋಗಿ ಒಂದು ಅವಧಿಯಲ್ಲಿ ಮಾಡಿದ್ದು ಸರಾಸರಿ 32 ಸಲ, ಅದೂ ಅಂಥ ಅಭ್ಯಾಸ ನಡೆದ ಅವಧಿಗಳಲ್ಲಿ ಮಾತ್ರ. ಪೆಟ್ಟಾದ ಮೆದುಳು ತನ್ನ ನಕ್ಷೆಯನ್ನು ಹೊಸದಾಗಿ ಬರೆದುಕೊಳ್ಳುತ್ತದೆ ಎಂಬುದಕ್ಕೆ ನಾವು ಆಧಾರವಾಗಿ ತೋರಿಸುವ ಪ್ರಾಣಿ ಪ್ರಯೋಗಗಳಲ್ಲಿ ದಿನಕ್ಕೆ 400ರಿಂದ 600 ಸಲ ಕೈ ಚಾಚಿಸಲಾಗಿತ್ತು. ಅಲ್ಲಿಯ ಸಿದ್ಧಾಂತವನ್ನು ತಂದೆವು, ಅಲ್ಲಿಯ ಶ್ರಮವನ್ನು ತರಲಿಲ್ಲ. ಹತ್ತಿಪ್ಪತ್ತು ಪಟ್ಟು ಕಡಿಮೆ ಅಭ್ಯಾಸ ಮಾಡಿಸಿ, ಆ ಕೊರತೆಯನ್ನು ನೆತ್ತಿಯ ಮೇಲಿಂದ ಕರೆಂಟು ಹರಿಸುವ ಎರಡು ಒದ್ದೆ ಪ್ಯಾಡ್‌ಗಳು ತುಂಬಿಕೊಡಲಿ ಎಂದು ಕಾಯುತ್ತಿದ್ದೇವೆ. ಶವಗಳ ತಲೆಯ ಮೇಲೆ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಆ ಕರೆಂಟಿನ ಮುಕ್ಕಾಲು ಪಾಲು ಚರ್ಮ, ಮಾಂಸ, ಮೂಳೆಗಳಲ್ಲೇ ಹಂಚಿಹೋಗುತ್ತದೆ.

ಹೆಚ್ಚು ಅಭ್ಯಾಸ ಮಾಡಿಸಿದರೆ ಏನಾದೀತು? ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ 90 ಗಂಟೆ ಮಾಡಿಸಿದರು. ಬಂದವರಲ್ಲಿ ಹೆಚ್ಚಿನವರು, ‘ಇನ್ನು ಸುಧಾರಣೆ ಇಲ್ಲ’ ಎಂದು ಕೈಬಿಡುವ ಹಂತದಲ್ಲಿದ್ದವರು. 224 ರೋಗಿಗಳ ಆ ದಾಖಲೆಯಲ್ಲಿ ಕೈಯ ಸಾಮರ್ಥ್ಯ ಏರಿತು, ಆರು ತಿಂಗಳ ಬಳಿಕವೂ ಉಳಿಯಿತು. ಹೋಲಿಕೆಯ ಗುಂಪು ಇರಲಿಲ್ಲ ಎಂಬ ಆಕ್ಷೇಪ ಸರಿಯೇ. ಹಾಗಿದ್ದರೆ ಹೋಲಿಕೆಯ ಗುಂಪಿಟ್ಟು ಇದನ್ನೇ ದೊಡ್ಡದಾಗಿ ಪರೀಕ್ಷಿಸಬೇಕು. ಮುಂದಿನ ಯಂತ್ರಕ್ಕೆ ಮೀಸಲಾದ ಹಣ ಇದಕ್ಕೆ ಬರಲಿ.

‘ಇಷ್ಟು ಥೆರಪಿಸ್ಟರು ನಮ್ಮಲ್ಲೆಲ್ಲಿ? ಮನೆಯವರಿಗೇ ಕಲಿಸಿ ಕಳಿಸೋಣ’ ಎಂಬ ಉತ್ತರ ತಕ್ಷಣ ಬರುತ್ತದೆ. ಅದನ್ನೂ ಭಾರತದಲ್ಲೇ ಪರೀಕ್ಷಿಸಿ ಆಗಿದೆ. 14 ಆಸ್ಪತ್ರೆಗಳ 1,250 ರೋಗಿಗಳನ್ನು ಒಳಗೊಂಡ ಅಟೆಂಡ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮನೆಯವರಿಂದ ತರಬೇತಿ ಪಡೆದವರಲ್ಲೂ ಪಡೆಯದವರಲ್ಲೂ ಆರು ತಿಂಗಳಿಗೆ ಸಾವು ಅಥವಾ ಪರಾವಲಂಬನೆ ಶೇ 47ರಷ್ಟೇ. ಸೊಸೆಯ, ಮಗನ ದುಡಿಮೆ ಪುಕ್ಕಟೆ ಸಿಗುತ್ತದೆಂದು ಅದರ ಮೇಲೆ ಇನ್ನೊಂದು ಹೊರೆ ಹೊರಿಸುವ ಯೋಜನೆಗೆ ಆಧಾರವಿಲ್ಲ. ಸಂಬಳ ಕೊಟ್ಟು ಥೆರಪಿಸ್ಟರನ್ನು ನೇಮಿಸುವುದಕ್ಕೆ ಬದಲಿ ದಾರಿ ಸಿಕ್ಕಿಲ್ಲ.

ಇಷ್ಟನ್ನಾದರೂ ನಾಳೆಯೇ ಶುರುಮಾಡಬಹುದು. ಬಿಪಿ, ಸಕ್ಕರೆ ಬರೆಯುವ ಕೇಸ್ ಶೀಟಿನಲ್ಲಿ ಇನ್ನೊಂದು ಕಾಲಂ ಇರಲಿ: ಈ ಹೊತ್ತು ರೋಗಿಯ ಕೈ ಎಷ್ಟು ಸಲ ಆಡಿತು. ಮೆದುಳಿನ ಪ್ರಚೋದನೆಯ ಪ್ರಯೋಗಕ್ಕೆ ಅನುಮತಿ ಕೇಳಿ ಬಂದವರಿಂದಲೂ, ಎಷ್ಟು ಮಿಲಿಆಂಪಿಯರ್ ಎಂಬುದಕ್ಕಿಂತ ಮುಂಚೆ, ನೈತಿಕ ಸಮಿತಿಗಳು ಆ ಲೆಕ್ಕವನ್ನು ಕೇಳಲಿ.